ಗಾಡಿಯೇ ಮನೆಯಾದಾಗ ಇನ್ಸುಲಿನ್ ಎಲ್ಲಿಡುವುದು?

ಪ್ರಶ್ನೆ: ಯಜಮಾನರು ನಿವೃತ್ತರಾದ ಮೇಲೆ ಟೆಂಪೊ ಟ್ರಾವೆಲರ್ ಒಂದನ್ನು ಮನೆಯ ಹಾಗೆ ಮಾಡಿಸಿದ್ದಾರೆ. ಮಂಚ, ಒಲೆ, ಪುಟ್ಟ ಟಾಯ್ಲೆಟ್ ಎಲ್ಲ ಇದೆ. ಮೇ ತಿಂಗಳಲ್ಲಿ ಹೊರಟು ಕನ್ಯಾಕುಮಾರಿ, ಅಲ್ಲಿಂದ ಕರಾವಳಿ ಹಿಡಿದು ಉಡುಪಿ, ಆಮೇಲೆ ಲಡಾಖ್, ಒಟ್ಟು ಆರು ತಿಂಗಳು. ಅವರಿಗೆ 66 ವರ್ಷ, ಇನ್ಸುಲಿನ್ ತೆಗೆದುಕೊಳ್ಳುತ್ತಾರೆ. ನನಗೆ 61, ಬಿಪಿ ಇದೆ. ಮಗಳು ಬೇಡ ಅನ್ನುತ್ತಾಳೆ. ಹೋಗಬಹುದೆ ಡಾಕ್ಟರೇ?
– ಓದುಗರೊಬ್ಬರು, ಮಾಂಬಲಂ, ಚೆನ್ನೈ

ಉತ್ತರ: ಹೋಗಿ ಬನ್ನಿ ತಾಯಿ. ಆದರೆ ಮೇ ತಿಂಗಳು ಬೇಡ. ಕತ್ತಿರಿ ಬಿಸಿಲು ಹೇಗಿರುತ್ತದೆಂದು ಚೆನ್ನೈಯವರಿಗೆ ನಾನು ಹೇಳಬೇಕೆ?

ಮೊದಲು ಇನ್ಸುಲಿನ್ ವಿಷಯ. ತೆರೆಯದ ಇನ್ಸುಲಿನ್ 2ರಿಂದ 8 ಡಿಗ್ರಿಯಲ್ಲಿರಬೇಕು. ಬಳಕೆಯಲ್ಲಿರುವ ಪೆನ್ನು 30 ಡಿಗ್ರಿ ಮೀರದಿದ್ದರೆ ಸಾಮಾನ್ಯವಾಗಿ ನಾಲ್ಕು ವಾರ ಬರುತ್ತದೆ. ಬಿಸಿಲಲ್ಲಿ ನಿಂತ ಗಾಡಿಯೊಳಗೆ ಆ ಲೆಕ್ಕ ನಡೆಯುವುದಿಲ್ಲ. ಕೆಟ್ಟ ಇನ್ಸುಲಿನ್ ಎಷ್ಟೋ ಸಲ ನೋಡಲು ಮೊದಲಿನಂತೆಯೇ ಇರುತ್ತದೆ. ಸಕ್ಕರೆ ಏರಿದಾಗ ನಾವು ಹೋಟೆಲಿನ ಊಟವನ್ನು ಬೈಯುತ್ತೇವೆ. ಇನ್ಸುಲಿನ್ನನ್ನು ಒದ್ದೆ ಮಣ್ಣಿನ ಮಡಕೆಯಲ್ಲಿಟ್ಟು ತಂಪಾಗಿಸುವ ಉಪಾಯ ಒಣ ಹವೆಯ ಊರುಗಳಲ್ಲಿ ಚೆನ್ನ, ಸಮುದ್ರದ ಜಿಗುಟು ಸೆಕೆಯಲ್ಲಿ ನೀರು ಬೇಗ ಆರದು, ಮಡಕೆ ಅಷ್ಟು ತಣ್ಣಗಾಗದು. ಗಾಡಿಯಲ್ಲಿ ಬ್ಯಾಟರಿ ಫ್ರಿಜ್ ಇರಲಿ, ಅದರೊಳಗೊಂದು ಥರ್ಮಾಮೀಟರ್ ಇರಲಿ. ಐಸಿಗೆ ತಾಗಿ ಹೆಪ್ಪುಗಟ್ಟಿದ ಇನ್ಸುಲಿನ್ ಕರಗಿದರೂ ಬಳಸಬೇಡಿ.

ಸ್ಟೀರಿಂಗ್ ಹಿಡಿಯುವ ಮೊದಲು, ಮತ್ತೆ ಎರಡು ಗಂಟೆಗೊಮ್ಮೆ ಅವರು ಸಕ್ಕರೆ ನೋಡಿಕೊಳ್ಳಲಿ. 90ಕ್ಕಿಂತ ಕೆಳಗಿದ್ದರೆ ತಿಂದು, ಮತ್ತೆ ನೋಡಿ, ಏರಿದ ಮೇಲೆಯೇ ಗಾಡಿ ಹೊರಡಲಿ.

ಈಗ ನಿಮ್ಮ ಸರದಿ. ಟಾಯ್ಲೆಟ್ ಟ್ಯಾಂಕ್ ತುಂಬುತ್ತದೆಂದು ನೀವು ನೀರು ಕಡಿಮೆ ಮಾಡುತ್ತೀರಿ, ನನಗೆ ಗೊತ್ತು. ಬಸ್ಸಿನ ಕಾಲದಿಂದಲೂ ನಮ್ಮ ಹೆಂಗಸರು ಪ್ರಯಾಣ ಮಾಡುವುದೇ ಹಾಗೆ. ಉರಿಮೂತ್ರ ಶುರುವಾಗುವುದು ಅಲ್ಲಿಂದಲೇ. ಟ್ಯಾಂಕ್ ತೊಳೆಯುವ ಕೆಲಸ ಯಜಮಾನರಿಗೆ ಬಿಡಿ, ನೀವು ನೀರು ಕುಡಿಯಿರಿ. ಬಿಪಿ ಮಾತ್ರೆಯಲ್ಲಿ ಮೂತ್ರ ಹೆಚ್ಚಿಸುವ ಔಷಧಿ ಇದ್ದರೆ ನೀವಾಗಿ ಬಿಡಬೇಡಿ, ಯಾವ ಹೊತ್ತಿಗೆ ನುಂಗಬೇಕೆಂದು ನಿಮ್ಮ ವೈದ್ಯರನ್ನು ಕೇಳಿ.

ಇನ್ನೊಂದು ಮಾತನ್ನು ಸ್ವಲ್ಪ ಗದರಿಸಿಯೇ ಹೇಳುತ್ತೇನೆ. 2024ರ ಡಿಸೆಂಬರಿನಲ್ಲಿ ಕೇರಳದ ವಡಕರದಲ್ಲಿ ರಸ್ತೆ ಬದಿ ನಿಂತಿದ್ದ ಕ್ಯಾರವಾನಿನೊಳಗೆ ಇಬ್ಬರು ಸತ್ತಿದ್ದರು. ಜನರೇಟರಿನ ಕಾರ್ಬನ್ ಮಾನಾಕ್ಸೈಡ್ ಒಳಗೆ ಸೇರಿತ್ತು. ಅದಕ್ಕೆ ವಾಸನೆಯಿಲ್ಲ, ನಿದ್ದೆಯಲ್ಲೇ ಮುಗಿಸುತ್ತದೆ. ಜನರೇಟರ್ ಅಥವಾ ಎಂಜಿನ್ ಓಡಿಸಿಕೊಂಡು ಎಸಿಯಲ್ಲಿ ಮಲಗಬೇಡಿ. ಒಲೆ ಹಚ್ಚಿದಾಗ ಕಿಟಕಿ ತೆರೆದಿರಲಿ. ಈ ಅನಿಲ ಪತ್ತೆಮಾಡುವ ಅಲಾರಂ ಸಿಗುತ್ತದೆ, ಪರದೆ ಕೊಳ್ಳುವ ಮೊದಲು ಅದನ್ನು ಕೊಳ್ಳಿ.

ಲೇಹ್ ಸುಮಾರು 3,500 ಮೀಟರ್ ಎತ್ತರದಲ್ಲಿದೆ. ಹೃದಯ, ಕಣ್ಣಿನ ರೆಟಿನಾ ಪರೀಕ್ಷೆ ಆಗದೆ ಆ ಹೆಸರು ಪಟ್ಟಿಯಲ್ಲಿ ಬೇಡ.

ಮನೆ ಬಾಡಿಗೆಗೆ ಕೊಡುವ ಆತುರ ಬೇಡ. ಮೊದಲು ಮಹಾಬಲಿಪುರಕ್ಕೆ ಹೋಗಿ ಎರಡು ರಾತ್ರಿ ಗಾಡಿಯಲ್ಲೇ ಮಲಗಿ. ಮಧ್ಯಾಹ್ನ ಎರಡು ಗಂಟೆಗೆ ಫ್ರಿಜ್ಜಿನ ಥರ್ಮಾಮೀಟರ್ ಎಷ್ಟು ತೋರಿಸಿತೆಂದು ನನಗೆ ಬರೆಯಿರಿ.