ಶ್ರೀ ಕ್ಷೇತ್ರ ಮಹಾಕೂಟ: ಪುಷ್ಕರಣಿಯ ಇತಿಹಾಸ ಹಾಗೂ ಯಾತ್ರಿಕರಿಗೆ ಮಾಹಿತಿ

ಬಾದಾಮಿ ತಾಲ್ಲೂಕಿನ ಗುಡ್ಡಗಳ ನಡುವೆ ಇರುವ ಮಹಾಕೂಟಕ್ಕೆ ದಕ್ಷಿಣ ಕಾಶಿ ಎಂಬ ಹೆಸರಿದೆ. ಇಲ್ಲಿ ದರ್ಶನಕ್ಕೆ ಮೊದಲು ಸ್ನಾನ. ಆ ಸ್ನಾನದ ನೀರು ನದಿಯದ್ದಲ್ಲ, ಬಾವಿಯದ್ದಲ್ಲ. ನೆಲದೊಳಗಿಂದ ತಾನಾಗಿಯೇ ಉಕ್ಕುವ ಬುಗ್ಗೆಯ ನೀರು. ಇದೇ ವಿಷ್ಣು ಪುಷ್ಕರಣಿ. ಇದರ ನಡುವಿನ ಸಣ್ಣ ಮಂಟಪದಲ್ಲಿ ನಾಲ್ಕೂ ದಿಕ್ಕಿಗೆ ಮುಖವಿರುವ ಶಿವಲಿಂಗವಿದೆ.

ಐನಾಪುರ, ಕಾಗವಾಡ, ಅಥಣಿ ಕಡೆಯಿಂದ ಬರುವ ಭಕ್ತರಿಗೆ ನೀರಿನ ಬೆಲೆ ಹೇಳಿಕೊಡಬೇಕಾಗಿಲ್ಲ. 2019ರ ಮೇ ತಿಂಗಳಲ್ಲಿ ಆ ಭಾಗದ ಕೃಷ್ಣಾ ಹೊಳಿ ಬತ್ತಿ ಕುಡಿಯುವ ನೀರಿಗೆ ಪರದಾಟವಾಯಿತು; ಅದೇ ವರ್ಷ ಆಗಸ್ಟ್‌ನಲ್ಲಿ ಮಹಾಪೂರ ಬಂದು ಊರೂರೇ ಮುಳುಗಿದವು. ಇಲ್ಲಿಯ ಬುಗ್ಗೆಯದು ಬೇರೆ ರೀತಿ. ಗುಡ್ಡದ ಮೇಲೆ ಬಿದ್ದ ಮಳೆ ಮರಳುಗಲ್ಲಿನ ಬಿರುಕುಗಳಲ್ಲಿ ಇಳಿದು, ನಿಧಾನವಾಗಿ ಕೆಳಗೆ ಬಂದು ಹೊರಬೀಳುತ್ತದೆ. ಆದ್ದರಿಂದಲೇ ಬೇಸಿಗ್ಯಾಗೂ ಇಲ್ಲಿ ನೀರು ಸಿಗುತ್ತದೆ.

ಅಗಸ್ತ್ಯ ಮುನಿಗಳು ವಾತಾಪಿ, ಇಲ್ವಲರೆಂಬ ರಾಕ್ಷಸರನ್ನು ಸಂಹರಿಸಿದ್ದು ಈ ಸೀಮೆಯಲ್ಲಿ ಎಂಬುದು ಸ್ಥಳಪುರಾಣ. ಇತಿಹಾಸವೂ ಸಣ್ಣದಲ್ಲ. ಚಾಲುಕ್ಯ ದೊರೆ ಮಂಗಲೇಶನು ಕ್ರಿ.ಶ. 602ರಲ್ಲಿ ಇಲ್ಲಿ ಧರ್ಮಜಯಸ್ತಂಭ ನಿಲ್ಲಿಸಿದನು. ಒಂದನೇ ಪುಲಕೇಶಿಯ ರಾಣಿ ದುರ್ಲಭದೇವಿಯು ಮಕುಟೇಶ್ವರ ದೇವರಿಗೆ 10 ಗ್ರಾಮಗಳನ್ನು ಬಿಟ್ಟುಕೊಟ್ಟ ವಿಷಯ ಅದರ ಸಂಸ್ಕೃತ ಶಾಸನದಲ್ಲಿದೆ. ಆ ಕಂಬ ಈಗ ವಿಜಯಪುರದ ಗೋಳಗುಮ್ಮಟದ ವಸ್ತುಸಂಗ್ರಹಾಲಯದಲ್ಲಿದೆ. ಮುಂದೆ ವಿಜಯಾದಿತ್ಯನ (696–733) ಪ್ರಾಣವಲ್ಲಭೆ ವಿನಾಪೋಟಿಯು ಮಾಣಿಕ್ಯದ ಪೀಠ, ಬೆಳ್ಳಿಯ ಛತ್ರಿ ಅರ್ಪಿಸಿದಳು. ಆ ಪೀಠ, ಛತ್ರಿ ಇಂದು ಕಾಣುವುದಿಲ್ಲ. ಆದರೆ ಬುಗ್ಗೆ ಇದೆ, ಅದರ ನೀರು ಬಡವ ಬಲ್ಲಿದ ಎನ್ನದೆ ಎಲ್ಲರಿಗೂ ಸಿಗುತ್ತಿದೆ.

ಬರುವ ದಾರಿ: ಐನಾಪುರದಿಂದ ಅಥಣಿ, ಜಮಖಂಡಿ, ಮುಧೋಳ, ಲೋಕಾಪುರ, ಬಾಗಲಕೋಟೆ ಮೇಲೆ ಬಾದಾಮಿಗೆ ಬರಬಹುದು. ಬಾದಾಮಿಗೆ ರೈಲಿನ ಸೌಕರ್ಯವೂ ಇದೆ. ಅಲ್ಲಿಂದ ಮಹಾಕೂಟ ರಸ್ತೆಯಲ್ಲಿ ಸುಮಾರು 14 ಕಿ.ಮೀ. ಬನಶಂಕರಿ, ಪಟ್ಟದಕಲ್ಲು ಹಾಗೂ 1909ರಲ್ಲಿ ಹಾನಗಲ್ಲ ಕುಮಾರ ಸ್ವಾಮಿಗಳು ಸ್ಥಾಪಿಸಿದ ಶಿವಯೋಗಮಂದಿರ ಸಮೀಪದಲ್ಲೇ ಇವೆ. ಶಿವರಾತ್ರಿ ಮತ್ತು ಶ್ರಾವಣ ಸೋಮವಾರ ಗದ್ದಲ ಹೆಚ್ಚು. ವೃದ್ಧರನ್ನು ಕರಕೊಂಡು ಬರುವವರು ಬೇರೆ ದಿನ, ಮುಂಜಾನೆ ಬಂದರೆ ಅನುಕೂಲ.

ಭಕ್ತಾದಿಗಳಲ್ಲಿ ವಿನಂತಿ: ಪಾವಟಿಗೆಗಳು ಪಾಚಿಗಟ್ಟಿ ಜಾರುತ್ತವೆ, ಹಿಡಿದು ಇಳಿಯಿರಿ. ಈಜು ಬಾರದವರು ಪಾವಟಿಗೆ ಮೇಲೆಯೇ ಮೀಯಬೇಕು. ಮಕ್ಕಳನ್ನು ಒಂಟಿಯಾಗಿ ಬಿಡಬ್ಯಾಡ್ರಿ. ಸಾಬೂನು, ಶಾಂಪೂ, ಎಣ್ಣೆ ಹೊಂಡದಲ್ಲಿ ಬಳಸಬಾರದು. ಬಟ್ಟೆ ಒಗೆಯುವುದು, ಹರಕೆ ಎಂದು ಉಟ್ಟ ಬಟ್ಟೆ ನೀರಿಗೆ ಬಿಡುವುದು ಬೇಡ. ಹೂವು, ಊದಿನಕಡ್ಡಿ ಪುಡಿಕೆ, ಪ್ಲಾಸ್ಟಿಕ್ ಚೀಲಗಳನ್ನು ಕಸದ ಬುಟ್ಟಿಗೇ ಹಾಕಿರಿ. ಒಬ್ಬರು ಬಿಟ್ಟ ಕೊಳೆಯಲ್ಲಿ ಹಿಂದಿನಿಂದ ಬಂದವರು ಮೀಯಬೇಕಾಗುತ್ತದೆ.

ಗ್ರಾಮ ದಾನ ಮಾಡುವುದು ರಾಣಿಯರಿಗೆ ಸಾಧ್ಯವಿತ್ತು. ನೀರನ್ನು ಕೆಡಿಸದೆ ಮುಂದಿನವರಿಗೆ ಬಿಟ್ಟುಕೊಡುವ ದಾನ ಎಲ್ಲರಿಂದಲೂ ಆಗುತ್ತದೆ. ಮಹಾಕೂಟೇಶ್ವರನ ಕೃಪೆ ಸರ್ವರ ಮೇಲಿರಲಿ.