ಚಿಲ್ಲರೆಯಲ್ಲಿ ಬಂದರೆ ಮಾತ್ರ

ಸ್ಮಾರಕ ನಾಣ್ಯ ಕೂಡಿಡುವವರನ್ನು ಕಂಡರೆ ಜನ ಮೊದಲು ಕೇಳುವುದು ‘ಇದಕ್ಕೀಗ ರೇಟ್ ಎಷ್ಟಿದೆ?’ ಎಂದು. ಚಲಾವಣೆಗೆಂದೇ ಟಂಕಿಸಿದ ನಾಣ್ಯಕ್ಕೆ ಮುಖಬೆಲೆಗಿಂತ ಒಂದು ಪೈಸೆಯನ್ನೂ ಹೆಚ್ಚು ಕೊಡಬಾರದು ಎಂಬುದೇ ಈ ಹವ್ಯಾಸ ನನಗೆ ಕಲಿಸಿದ ಮುಖ್ಯ ಪಾಠ. ನೂರು ರೂಪಾಯಿಯ ಸ್ಮಾರಕ ನಾಣ್ಯಗಳು ಪೆಟ್ಟಿಗೆಯಲ್ಲಿಡಲೆಂದೇ ಆದವು, ಅವುಗಳ ಲೆಕ್ಕ ಬೇರೆ. ಆದರೆ 2006ರ ಐದು ರೂಪಾಯಿಯ ಬಸವೇಶ್ವರ, 2015ರ ಯೋಗ ದಿನದ ಹತ್ತು ರೂಪಾಯಿ, ಇವೆಲ್ಲ ಅಂಗಡಿಯ ಗಲ್ಲಾಪೆಟ್ಟಿಗೆಗೆಂದೇ ಹೊರಟವು. ವೈಷ್ಣೋದೇವಿಯ ಐದು, ಹತ್ತು ರೂಪಾಯಿ ನಾಣ್ಯಕ್ಕೆ ಲಕ್ಷಗಟ್ಟಲೆ ಸಿಗುತ್ತದೆಂಬ ಸುದ್ದಿ ಹಬ್ಬಿದ್ದುಂಟು. ಕಮಿಷನ್, ತೆರಿಗೆ ಎಂದು ತನ್ನ ಹೆಸರಿನಲ್ಲಿ ಹಣ ಕೀಳುವವರಿದ್ದಾರೆ ಎಂದು ಹಳೆಯ ನಾಣ್ಯ–ನೋಟು ಮಾರುವವರನ್ನು ರಿಸರ್ವ್ ಬ್ಯಾಂಕ್ 2021ರಲ್ಲಿ ಎಚ್ಚರಿಸಬೇಕಾಯಿತು.

ಕೊಳ್ಳದಿದ್ದರೆ ಸೆಟ್ ಪೂರ್ತಿಯಾಗುವುದು ಹೇಗೆ ಎನ್ನಬಹುದು. ಒಂದು ಕಡೆ ಈ ಮಾತು ನಿಜ: 25 ಪೈಸೆ ಮತ್ತು ಅದಕ್ಕಿಂತ ಕಡಿಮೆ ಮೌಲ್ಯದ ನಾಣ್ಯಗಳ ಚಲಾವಣೆ 2011ರ ಜೂನ್ ಕೊನೆಗೆ ನಿಂತುಹೋಯಿತು. 1982ರ ಏಷ್ಯನ್ ಗೇಮ್ಸ್‌ನ 10 ಪೈಸೆ ಇನ್ನು ಯಾವ ಅಂಗಡಿಯಲ್ಲೂ ಸಿಗದು. ಅದನ್ನು ದುಡ್ಡು ಕೊಟ್ಟೇ ತರಬೇಕು. ಉಳಿದವುಗಳಿಗೆ ಅವಸರ ಬೇಡ. ಕೈಯಲ್ಲಿರುವುದನ್ನೇ ಸರಿಯಾಗಿ ನೋಡಿದರೆ ಸೆಟ್ ತಾನಾಗಿ ಬೆಳೆಯುತ್ತದೆ. ಇಸವಿಯ ಕೆಳಗೆ ದುಂಡು ಚುಕ್ಕೆ ಇದ್ದರೆ ನೋಯ್ಡಾ, ನಕ್ಷತ್ರವಿದ್ದರೆ ಹೈದರಾಬಾದ್, ವಜ್ರಾಕೃತಿ ಇದ್ದರೆ ಮುಂಬೈ, ಏನೂ ಇಲ್ಲದಿದ್ದರೆ ಕೋಲ್ಕತ್ತ ಟಂಕಸಾಲೆ. ಒಂದೇ ಚಿತ್ರದ ನಾಣ್ಯ ಬೇರೆ ಬೇರೆ ಊರಿನದಾಗಿರಬಹುದು. ಹೊಸಬರು ಇವನ್ನು ಡೂಪ್ಲಿಕೇಟ್ ಎಂದು ಬದಿಗಿಡುತ್ತಾರೆ. ಸವೆದ ನಾಣ್ಯದಲ್ಲಿ ಚಿತ್ರ ಮಸುಕು ಎಂಬ ದೂರನ್ನು ನಾನು ಅಷ್ಟು ಒಪ್ಪುವುದಿಲ್ಲ. ಓಡಾಡಲೆಂದು ಮಾಡಿದ ವಸ್ತು ಓಡಾಡಿದ ಗುರುತು ಹೊತ್ತಿರುವುದರಲ್ಲಿ ಕೊರತೆ ಏನಿದೆ? ಹುಣಸೆಹಣ್ಣು ಹಾಕಿ ತಿಕ್ಕಿ ಹೊಳಪು ಬರಿಸಿದ್ದನ್ನು ಬಲ್ಲವರು ಮುಟ್ಟುವುದೂ ಇಲ್ಲ.

ಚಿಲ್ಲರೆಗೆ ಪರದಾಡುವಾಗ ನಾಣ್ಯ ಬಚ್ಚಿಡುವುದು ಸರಿಯೇ ಎಂಬ ಆಕ್ಷೇಪಕ್ಕೆ ಮಾತ್ರ ತೂಕವಿದೆ. ಬಗೆಗೊಂದು ಇಟ್ಟುಕೊಂಡು ಮಿಕ್ಕದ್ದನ್ನು ಮತ್ತೆ ಖರ್ಚು ಮಾಡುವುದೇ ಅದಕ್ಕೆ ಉತ್ತರ. ಹತ್ತು ರೂಪಾಯಿಯದಾದರೆ ಅಂಗಡಿಯವರು ತೆಗೆದುಕೊಳ್ಳಬೇಕಲ್ಲ! ನಕಲಿಯೇನೋ ಎಂಬ ಅವರ ಅನುಮಾನಕ್ಕೆ ಸ್ಮಾರಕ ನಾಣ್ಯಗಳ ಬಗೆಬಗೆಯ ಮುಖಗಳೂ ಒಂದು ಕಾರಣ. ಹತ್ತು ರೂಪಾಯಿ ನಾಣ್ಯದ ಅಲ್ಲಿಯವರೆಗಿನ 14 ವಿನ್ಯಾಸಗಳೂ ಸಿಂಧು ಎಂದು ರಿಸರ್ವ್ ಬ್ಯಾಂಕ್ 2018ರಲ್ಲೇ ಹೇಳಿದೆ. ಗಲ್ಲಾದ ಮುಂದೆ ನಿಂತು ಅದನ್ನು ಸಮಾಧಾನವಾಗಿ ವಿವರಿಸುವ ಕೆಲಸವೂ ಈ ಹವ್ಯಾಸದವರದ್ದೇ.