ಆಸ್ಪತ್ರೆ ಆಡಳಿತ ವ್ಯಾಸಂಗ: ಪೂರೈಕೆದಾರರು ಅರಿಯಬೇಕಾದ ಪಾಠ

ಆಸ್ಪತ್ರೆಗಳಿಗೆ ಸಾಮಗ್ರಿ ಪೂರೈಸುವ ವರ್ತಕರು, ದರಪಟ್ಟಿ ಸಲ್ಲಿಸುವ ಮುನ್ನ ಖರೀದಿ ಅಧಿಕಾರಿ ಕಲಿತುಬಂದ ವಿದ್ಯೆಯನ್ನು ತಿಳಿದಿರುವುದು ಲೇಸು. ಎಂ.ಎಚ್.ಎ. ಎಂದು ಕರೆಯಲ್ಪಡುವ ಆಸ್ಪತ್ರೆ ಆಡಳಿತದ ಸ್ನಾತಕೋತ್ತರ ಪದವಿಯು ಬೆಂಗಳೂರಿನ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದಲ್ಲಿ ಎರಡು ವರ್ಷಗಳ ವ್ಯಾಸಂಗವಾಗಿದೆ. ಅದರ ಸಾಮಗ್ರಿ ನಿರ್ವಹಣೆಯ ಭಾಗವೇ ವರ್ತಕರಿಗೆ ಮುಖ್ಯವಾದುದು.

ದಾಸ್ತಾನನ್ನು ಎರಡು ಬಗೆಯಲ್ಲಿ ತೂಗಲು ಅಲ್ಲಿ ಕಲಿಸಲಾಗುತ್ತದೆ. ‘ಎಬಿಸಿ’ ವಿಂಗಡಣೆಗೆ ವಾರ್ಷಿಕ ವೆಚ್ಚವೇ ಅಳತೆ, ಸಾಮಾನ್ಯವಾಗಿ ಶೇ. 10ರಷ್ಟು ಬಾಬುಗಳೇ ಶೇ. 70ರಷ್ಟು ಹಣವನ್ನು ನುಂಗುತ್ತವೆ. ‘ವಿಇಡಿ’ ವಿಂಗಡಣೆಯಲ್ಲಿ ಬೆಲೆಗೆ ಸ್ಥಾನವಿಲ್ಲ. ವಸ್ತು ಇಲ್ಲದಿದ್ದರೆ ರೋಗಿಯ ಗತಿಯೇನೆಂಬುದೊಂದೇ ಪ್ರಶ್ನೆ. ಅಡ್ರಿನಲಿನ್ ಚುಚ್ಚುಮದ್ದು ಅಗ್ಗದ್ದು. ಆದರೆ ಜೀವರಕ್ಷಕ ವರ್ಗಕ್ಕೆ ಸೇರಿದುದು. ಇಂಥ ಬಾಬಿನಲ್ಲಿ ಎರಡು ರೂಪಾಯಿ ಇಳಿಸಿ, ಎರಡು ದಿನ ತಡಮಾಡುವ ಪೂರೈಕೆದಾರನು ಪಟ್ಟಿಯಿಂದ ಹೊರಬಿದ್ದರೆ ಅದಕ್ಕೆ ಅಧಿಕಾರಿಯ ಪಕ್ಷಪಾತವನ್ನು ಕಾರಣವೆನ್ನಲಾಗದು. ಅಗ್ಗದ ದರಕ್ಕೆ ಬೆಲೆ ಇರುವುದು ದುಬಾರಿಯಾದ ‘ಎ’ ವರ್ಗದಲ್ಲಿ.

ಇನ್ನೊಂದು ಮಾತು. ಆರೋಗ್ಯ ಸೇವೆಗೆ ಬಹುಮಟ್ಟಿಗೆ ಜಿಎಸ್‌ಟಿ ವಿನಾಯಿತಿ ಇರುವುದರಿಂದ, ಆ ಸೇವೆಗಾಗಿ ಕೊಂಡ ಸಾಮಗ್ರಿಯ ಮೇಲೆ ಆಸ್ಪತ್ರೆಗೆ ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್ ದೊರೆಯದು. ತೆರಿಗೆಯೂ ಅದರ ಪಾಲಿಗೆ ಖರ್ಚೇ. ‘ತೆರಿಗೆ ಪ್ರತ್ಯೇಕ’ ಎಂದು ಕೆಳಗೆ ಸಣ್ಣದಾಗಿ ಬರೆಯುವ ರೂಢಿ ಇಲ್ಲಿ ಫಲಿಸದು; ತೆರಿಗೆ ಸೇರಿದ ಮೊತ್ತವನ್ನೇ ಅಧಿಕಾರಿ ಹೋಲಿಸುತ್ತಾನೆ.